ಖಂಡೇನವಮಿಯಂದು ಸುಧಾರಿಸಿಕೊಂಡ ಬ್ಯಾಟರಿಗಳು

ಕಳೆದ ನವರಾತ್ರಿ ಮುಗಿದ ವಾರ ನಮ್ಮ ಹಳೇ ಲ್ಯಾಬಿನವರು ನನ್ನನ್ನು ಊಟಕ್ಕೆ ಕರೆದಿದ್ದರು. ಪುಣೆಯ ಭೋಸರಿಯ ಆ ಕಟ್ಟಡದ ಮೊದಲ ಮಹಡಿಯಲ್ಲಿ ಊಟದ ಮೇಜಿನ ಸುತ್ತ ಆವತ್ತು ಐದು ಜನ ಕೂತಿದ್ದೆವು. ಮೇಜಿನ ತಲೆಗೆ ಜೋಶಿ ಸಾಹೇಬರು, ಲ್ಯಾಬಿನ ಮುಖ್ಯಸ್ಥರು. ನನಗಿಂತ ಎರಡು ವರ್ಷ ಚಿಕ್ಕವರು, ಆದ್ದರಿಂದ ಇನ್ನೂ ನೌಕರಿಯಲ್ಲಿದ್ದಾರೆ. ಅವರ ಬಲಕ್ಕೆ ಎಲೆಕ್ಟ್ರಿಷಿಯನ್ ಪಾಂಡು ಮಾಮಾ. ಅವರ ವಯಸ್ಸು ಯಾವ ಕಾಗದದಲ್ಲೂ ಒಂದೇ ತೆರನಾಗಿಲ್ಲ, ಆದ್ದರಿಂದ ಅವರೂ ಇನ್ನೂ ನೌಕರಿಯಲ್ಲಿದ್ದಾರೆ. ಎದುರಿಗೆ ಹೊಸದಾಗಿ ಸೇರಿದ ಇಬ್ಬರು ಎಂಜಿನಿಯರುಗಳು, ತುಮಕೂರಿನ ಚೇತನ್ ಮತ್ತು ಮೈಸೂರಿನ ಐಶ್ವರ್ಯಾ. ಐದನೆಯವಳು ನಾನು. ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಮೇಜಿನಲ್ಲಿ ಡಬ್ಬಿ ಬಿಚ್ಚಿದವಳು, ಈಗ ಅತಿಥಿ ಎಂದು ಗೋಡೆಯ ಕಡೆಯ ಕುರ್ಚಿ ಕೊಟ್ಟಿದ್ದರು.

ಚೇತನ್ ತನ್ನ ಫೋನು ತೋರಿಸಿ ಕೇಳಿದ. "ಮೇಡಂ, ಇದು ಅರ್ಧ ಗಂಟೆಗೆಲ್ಲಾ ಫುಲ್ ಆಗ್ಬಿಡತ್ತೆ. ನಿಮ್ ಕಾಲ್ದಲ್ಲಿ ಎಷ್ಟ್ ಹೊತ್ತು ಹಿಡೀತಿತ್ತು?"

"ಒಂದು ಶಿಫ್ಟು," ಅಂದೆ.

ಅವನು ನಕ್ಕ. ನಾನು ನಗಲಿಲ್ಲ, ಅದು ಇದ್ದದ್ದೇ ಹಾಗೆ.

ಐಶ್ವರ್ಯಾ ಸ್ವಲ್ಪ ಧೈರ್ಯದ ಹುಡುಗಿ. "ಮೇಡಂ, ನೀವ್ ಮಾಡಿರೋ ದೊಡ್ಡ ಮಿಸ್ಟೇಕ್ ಯಾವ್ದು? ಅದನ್ನ ಹೇಳಿ. ಒಳ್ಳೇದನ್ನ ಎಲ್ಲಾರೂ ಹೇಳ್ತಾರೆ."

ಜೋಶಿ ಸಾಹೇಬರು ಅಗಿಯುವುದನ್ನು ನಿಲ್ಲಿಸಿದರು. ಪಾಂಡು ಮಾಮಾಗೆ ಕನ್ನಡ ಬರುವುದಿಲ್ಲ. ಆದರೂ ಮಿಸ್ಟೇಕ್ ಎಂಬ ಶಬ್ದ ಕೇಳಿದ್ದೇ ಚಮಚ ಎತ್ತಿ ನಾಲ್ಕನೇ ಚೇಂಬರು ಇರುವ ಕೋಣೆಯ ಕಡೆ ತೋರಿಸಿದರು. ಊಟದ ಹೊತ್ತಿನಲ್ಲಿ ಆ ಕತೆಯನ್ನು ಹೇಳಿದೆನಾದರೂ ಹೇಳಿದ್ದು ಅರ್ಧ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಹೇಳುವುದಕ್ಕೆ ಸಣ್ಣದು. ಕಂಪನಿಗಳು ಬ್ಯಾಟರಿ ಕಳಿಸುತ್ತವೆ. ನಾವು ತುಂಬಿಸುತ್ತೇವೆ, ಖಾಲಿ ಮಾಡುತ್ತೇವೆ, ಮತ್ತೆ ತುಂಬಿಸುತ್ತೇವೆ. ಹೀಗೆ ನೂರಾರು ಸಲ. ಕೊನೆಗೆ ಅದರ ಶಕ್ತಿ ಎಷ್ಟು ಉಳಿಯಿತು ಎಂದು ಬರೆದುಕೊಡುತ್ತೇವೆ. ನೌಕರಿ ಸಿಕ್ಕ ದಿನ ಇದನ್ನು ನನ್ನ ಅತ್ತೆಗೆ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, "ತುಂಬಿದ್ದನ್ನ ಖಾಲಿ ಮಾಡ್ಲಿಕ್ಕೆ ಪಗಾರ ಕೊಡ್ತಾರ?" ಅಂದರು. ಹೌದ್ರಿ ಅಂದೆ. "ಹಂಗಾರ ನನಗೂ ಒಂದು ನೌಕರಿ ನೋಡು. ಕೊಡಾ ತುಂಬೋದು, ಖಾಲಿ ಮಾಡೋದು ನಂದು ಮೂವತ್ತು ವರ್ಷದ ಅನುಭವ ಅದ." ಆ ಕೆಲಸದ ಬಗ್ಗೆ ಅದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಮುಂದೆ ಯಾವ ಪುಸ್ತಕದಲ್ಲೂ ಓದಲಿಲ್ಲ.

ನಾನು ಸೇರಿದಾಗ ಮೊಬೈಲು ಇನ್ನೂ ಬಂದಿರಲಿಲ್ಲ. ವಾಕಿಟಾಕಿ, ಕಾರ್ಡ್‌ಲೆಸ್ ಫೋನು, ಅವುಗಳೊಳಗೆ ನಿಕಲ್ ಬ್ಯಾಟರಿ. ಆ ಬ್ಯಾಟರಿಗೆ ಒಂದು ಗುಣವಿತ್ತು. ಅರ್ಧ ಖಾಲಿಯಾದಾಗಲೇ ಮತ್ತೆ ಮತ್ತೆ ತುಂಬಿಸಿದರೆ ತನ್ನ ಹೊಟ್ಟೆ ಇಷ್ಟೇ ಎಂದು ತಿಳಿದುಕೊಂಡುಬಿಡುತ್ತಿತ್ತು. ಮೊದಮೊದಲ ಮೊಬೈಲುಗಳಲ್ಲೂ ಇದೇ ಜಾತಿಯ ಬ್ಯಾಟರಿ ಇತ್ತು. ಆಗ ನಮ್ಮ ಬಂಧುಬಳಗದವರು, ಪರಿಚಯದ ಕನ್ನಡದ ಮಂದಿ ದಿನಾ ಕೇಳುತ್ತಿದ್ದರೆಂದು ನಾನೊಂದು ಚೀಟಿ ಬರೆದು ಝೆರಾಕ್ಸ್ ಮಾಡಿಸಿ ಹಂಚಿದೆ. "ಹೊಸ ಬ್ಯಾಟರಿಯನ್ನು ಮೊದಲ ಸಲ ಎಂಟು ತಾಸು ಚಾರ್ಜ್ ಮಾಡಿರಿ. ಪೂರ್ತಿ ಖಾಲಿಯಾಗದೆ ಮತ್ತೆ ಹಚ್ಚಬೇಡಿರಿ."

ಐದಾರು ವರ್ಷಕ್ಕೆ ಲಿಥಿಯಂ ಬಂತು, ಮಾತು ಉಲ್ಟಾ ಆಯಿತು. ಇದನ್ನು ಪೂರ್ತಿ ಖಾಲಿ ಮಾಡಿದರೆ ಕೆಡುಕು, ತುಂಬಿದ ಮೇಲೂ ಬಿಸಿಯಲ್ಲಿ ಇಟ್ಟರೆ ಕೆಡುಕು, ನಡುವೆ ಇಟ್ಟರೆ ಬಹಳ ದಿನ ಬಾಳುತ್ತದೆ. ನಾನು ಸಿಕ್ಕಸಿಕ್ಕವರಿಗೆ ಬಾಯಿಮಾತಿನಲ್ಲಿ ಹೇಳಿದೆ. ಚೀಟಿ ಹಿಂದಕ್ಕೆ ಪಡೆಯಲಿಲ್ಲ. ಮೊನ್ನೆ ಮೊನ್ನೆ ಒಬ್ಬ ನೆಂಟರ ಮನೆಯಲ್ಲಿ ಕಪಾಟಿನ ಬಾಗಿಲೊಳಗೆ ಅದನ್ನು ಕಂಡೆ. ಹಳದಿಯಾಗಿದೆ, ಮೇಲೆ ಅರಿಷಿಣ ಕುಂಕುಮದ ಬೊಟ್ಟು. ಯಾವುದೋ ಹಬ್ಬಕ್ಕೆ ಕಪಾಟಿಗೆ ಹಚ್ಚುವಾಗ ಇದಕ್ಕೂ ಹಚ್ಚಿದ್ದಾರೆ. ಅವರು ಇವತ್ತಿಗೂ ಹೊಸ ಫೋನು ತಂದರೆ ಎಂಟು ತಾಸು ಅದನ್ನು ಮುಟ್ಟುವುದಿಲ್ಲ. ನಾನು ಸಹಿ ಮಾಡಿದ ಯಾವ ವರದಿಯೂ ಇಷ್ಟು ಶ್ರದ್ಧೆಯಿಂದ ಪಾಲನೆಯಾಗಿಲ್ಲ. ಚೇತನ್, ಐಶ್ವರ್ಯಾ, ಬರೆದು ಕೊಡುವ ಮೊದಲು ಎರಡು ಸಲ ಯೋಚಿಸಿರಿ. ಬ್ಯಾಟರಿ ಸಾಯುತ್ತದೆ, ಚೀಟಿ ಸಾಯುವುದಿಲ್ಲ.

ಲಿಥಿಯಂ ಬ್ಯಾಟರಿಗಳು ಮೊದಲು ಬಿಸ್ಕತ್ತಿನಷ್ಟು ದಪ್ಪ ಇದ್ದವು. ಎಂಟುನೂರು, ಒಂಬೈನೂರು ಎಂಎಎಚ್ ಶಕ್ತಿ ಎಂದು ಬೆನ್ನ ಮೇಲೆ ಅಚ್ಚಾಗಿರುತ್ತಿತ್ತು. ಫೋನು ನಾಲ್ಕು ದಿನ ಬರುತ್ತಿತ್ತು, ಯಾಕೆಂದರೆ ಗಂಟೆ ಬಾರಿಸುವುದೊಂದು ಬಿಟ್ಟರೆ ಅದಕ್ಕೆ ಬೇರೆ ಉದ್ಯೋಗವಿರಲಿಲ್ಲ. ಆಮೇಲೆ ಎರಡು ಸಾವಿರವಾಯಿತು, ಐದು ಸಾವಿರವಾಯಿತು, ಈಗ ಏಳು ಸಾವಿರದ್ದೂ ನಮ್ಮ ಮೇಜಿಗೆ ಬರುತ್ತಿದೆ. ಆದರೂ ಸಂಜೆಯಾದರೆ ಎಲ್ಲರೂ ಗೋಡೆಯ ಪ್ಲಗ್ಗು ಹುಡುಕುತ್ತಾರೆ. ತೊಟ್ಟಿ ದೊಡ್ಡದಾಯಿತು, ನಲ್ಲಿಗಳೂ ಹತ್ತಾದವು.

ಆ ಬಿಸ್ಕತ್ತಿನ ಕಾಲದಲ್ಲಿ ಬ್ಯಾಟರಿಯನ್ನು ಉಗುರಿನಿಂದ ತೆಗೆದು ಉಗುರಿನಿಂದ ಹಾಕಬಹುದಿತ್ತು. ಕೆಟ್ಟಿದೆಯೋ ನೆಟ್ಟಗಿದೆಯೋ ನೋಡಲು ರಸ್ತೆ ಬದಿಯ ಮೊಬೈಲ್ ರಿಪೇರಿಯವರಿಗೆ ನಮ್ಮ ಯಂತ್ರ ಬೇಕಾಗಿರಲಿಲ್ಲ. ಗಾಜಿನ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸುತ್ತಿದ್ದರು. ಉಬ್ಬಿದ ಬ್ಯಾಟರಿ ಬುಗುರಿಯಂತೆ ಗರಗರ ತಿರುಗುತ್ತದೆ. ಒಳ್ಳೆಯದು ಒಂದಿಷ್ಟು ಸರಿದು ಕೂಡುತ್ತದೆ. ಈ ವಿಧಾನವನ್ನು ನನಗೆ ಕಲಿಸಿದವರು ಬಸವರಾಜ ಅಂಗಡಿ ಎನ್ನುವವರು, ಅಂಗಡಿ ಎನ್ನುವುದು ಅವರ ಅಡ್ಡಹೆಸರು. ಇಳಕಲ್ಲಿನ ಕಡೆಯವರು. ಪುಣೆಗೆ ಒಬ್ಬ ಸೀರೆ ವ್ಯಾಪಾರಿಯ ಹತ್ತಿರ ಗುಮಾಸ್ತರಾಗಿ ಬಂದು, ಅದನ್ನು ಬಿಟ್ಟು, ಭೋಸರಿಯಲ್ಲಿ ಒಂದು ತಗಡಿನ ಶೆಡ್ಡಿನಲ್ಲಿ ಮೊಬೈಲ್ ಬ್ಯಾಟರಿ ಕಟ್ಟುತ್ತಿದ್ದರು. ಹೊರಗಿನಿಂದ ಸೆಲ್ಲು ತರುವುದು, ಅದಕ್ಕೆ ತೆಳ್ಳಗಿನ ಲೋಹದ ಪಟ್ಟಿ ಬೆಸೆಯುವುದು, ಪುಟ್ಟ ಸರ್ಕಿಟ್ ಜೋಡಿಸುವುದು, ಟೇಪು ಸುತ್ತುವುದು. ಹನ್ನೊಂದು ಹೆಣ್ಣುಮಕ್ಕಳು ಕೆಲಸಕ್ಕಿದ್ದರು.

ಅಂಗಡಿಯವರು ಮೊದಲ ಸಲ ಲ್ಯಾಬಿಗೆ ಸ್ಯಾಂಪಲ್ ಕೊಡಲು ಬಂದಾಗ ನಮ್ಮ ಕೌಂಟರಿನ ಕಿಟಕಿಯ ಆಚೆ ನಿಂತೇ ಒಂದು ಬ್ಯಾಟರಿಯನ್ನು ಕಟ್ಟೆಯ ಮೇಲೆ ತಿರುಗಿಸಿ ತೋರಿಸಿದರು.

"ನೋಡ್ರಿ ಅಕ್ಕಾರ, ಕೂತಿತು. ನಿಮ್ಮ ಮಶೀನು ನಾಕು ತಿಂಗಳ ತಗೋತದ. ನಂದು ಒಂದ ಚಿಟಿಕಿ."

"ನಿಮ್ಮ ಚಿಟಿಕಿಗೆ ಸರ್ಟಿಫಿಕೇಟ್ ಯಾರು ಕೊಡ್ತಾರ?" ಅಂದೆ.

"ಅದಕ್ಕಽ ನಿಮ್ಮ ಕಡೆ ಬಂದೇನಲ್ರಿ," ಅಂದರು.

ಆಮೇಲೆ ಬಂದದ್ದು ಫಾಸ್ಟ್ ಚಾರ್ಜಿಂಗು. ಮೊದಲಿನ ಚಾರ್ಜರುಗಳು ಐದು ವಾಟಿನವು. ಹದಿನೆಂಟಾಯಿತು, ಮೂವತ್ತಮೂರಾಯಿತು, ಅರವತ್ತು ದಾಟಿತು, ನೂರು ದಾಟಿತು. ನಾವು ಹೊಸ ಚಾರ್ಜರಿಗೆ ತಕ್ಕ ಹೊಸ ಯಂತ್ರ ತರುವಷ್ಟರಲ್ಲಿ ಅದು ಹಳತಾಗುತ್ತಿತ್ತು. ಜೋಶಿ ಸಾಹೇಬರಿಗೆ ಬ್ಯಾಟರಿಯ ಬಿಸಿಯನ್ನು ಕೆನ್ನೆಗೆ ಒತ್ತಿಕೊಂಡು ಅಂದಾಜು ಮಾಡುವ ಅಭ್ಯಾಸವಿತ್ತು. ಥರ್ಮಾಮೀಟರಿಗಿಂತ ಒಂದು ಡಿಗ್ರಿ ಹೆಚ್ಚುಕಮ್ಮಿ ಹೇಳುತ್ತಿದ್ದರು. ಮೊದಲ ದೊಡ್ಡ ಫಾಸ್ಟ್ ಚಾರ್ಜ್ ಸ್ಯಾಂಪಲ್ ಬಂದ ದಿನವೂ ಹಾಗೇ ಮಾಡಿದರು. ಎರಡು ದಿನ ಅವರ ಎಡಗೆನ್ನೆ ಕೆಂಪಗಿತ್ತು, ಮನೆಯಲ್ಲಿ ಏನು ಹೇಳಿದರೋ ನಾವು ಕೇಳಲಿಲ್ಲ. ಮೂರನೇ ದಿನ ಪ್ರತಿ ಬ್ಯಾಟರಿಗೂ ಎರಡು ಕಡೆ ತಾಪಮಾನದ ತಂತಿ ಅಂಟಿಸಬೇಕೆಂದು ಆದೇಶ ಹೊರಟಿತು. ನಮ್ಮ ಲ್ಯಾಬಿನಲ್ಲಿ ವಿಧಾನಗಳು ಹೀಗೆ ಬದಲಾದವು.

ಫಾಸ್ಟ್ ಚಾರ್ಜಿಂಗ್ ಎಂದರೇನು ಎಂದು ಹೊಸಬರು ಕೇಳಿದಾಗಲೆಲ್ಲ ನಾನು ಮದುವೆಯ ಪಂಕ್ತಿಯನ್ನು ಹೇಳುತ್ತಿದ್ದೆ. ಎಲೆ ಖಾಲಿ ಇದ್ದಾಗ ಬಡಿಸುವವನು ಓಡುತ್ತಾ ಬಡಿಸಬಹುದು. ಅರ್ಧ ಊಟವಾದ ಮೇಲೆ ಕೇಳಿ ಬಡಿಸಬೇಕು. ಕೊನೆಕೊನೆಗೆ ಒಂದೊಂದು ಚಮಚಕ್ಕೂ ಬೇಕೇ, ಸಾಕೇ ಎನ್ನಬೇಕು. ಹಳೆಯ ಚಾರ್ಜರು ಮೊದಲಿಂದ ಕೊನೆಯವರೆಗೂ ಮೆಲ್ಲಗೆ ಬಡಿಸುವ ಮುದುಕ. ಹೊಸ ಚಾರ್ಜರು ಮೊದಲು ಫೋನನ್ನು ಕೇಳುತ್ತದೆ, ನಿನಗೆ ಎಷ್ಟು ತಡೆಯುತ್ತದೆ? ಫೋನು ಹೇಳಿದಷ್ಟನ್ನು ಸುರಿಯುತ್ತದೆ. ಅದಕ್ಕೇ ಮೊದಲ ಅರ್ಧ ಚಹಾ ಕುಡಿಯುವಷ್ಟರಲ್ಲಿ ತುಂಬುತ್ತದೆ, ಕೊನೆಯ ಹತ್ತು ಭಾಗ ನಿಮ್ಮನ್ನು ಕಾಯಿಸುತ್ತದೆ. ಉಂಡವನ ಆರೋಗ್ಯ ಏನಾಯಿತು ಎಂದು ವರ್ಷ ಕಳೆದ ಮೇಲೆ ನೋಡುವ ವೈದ್ಯರು ನಾವು.

ಬ್ಯಾಟರಿ ದೊಡ್ಡದಾಗಿ, ಚಾರ್ಜಿಂಗ್ ಜೋರಾಗಿ, ಫೋನು ತೆಳ್ಳಗಾದಾಗ ಕಂಪನಿಗಳು ಒಂದು ಕೆಲಸ ಮಾಡಿದವು. ಫೋನಿನ ಬೆನ್ನನ್ನು ಅಂಟು ಹಾಕಿ ಮುಚ್ಚಿಬಿಟ್ಟವು. ಉಗುರಿನ ಕಾಲ ಮುಗಿಯಿತು. ಅಂಗಡಿಯವರ ವ್ಯಾಪಾರವೂ ಅಲ್ಲಿಗೇ ಮುಗಿಯಿತು. ರಸ್ತೆ ಬದಿಯಲ್ಲಿ ಬ್ಯಾಟರಿ ಕೊಳ್ಳುವವರೇ ಇಲ್ಲ. ಇನ್ನು ಉಳಿದ ದಾರಿ ಒಂದೇ, ಯಾವುದಾದರೂ ಫೋನ್ ಕಂಪನಿಯ ಸರ್ವಿಸ್ ಸೆಂಟರುಗಳಿಗೆ ಬದಲಿ ಬ್ಯಾಟರಿ ಕಟ್ಟಿಕೊಡುವುದು. ಎರಡು ವರ್ಷ ತಿರುಗಿ ಅಂಥ ಒಂದು ಕಂಪನಿಯನ್ನು ಅವರು ಒಪ್ಪಿಸಿದರು. ಯಾವ ಕಂಪನಿ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ, ನಮ್ಮಲ್ಲಿ ಸ್ಯಾಂಪಲ್ಲಿಗೆ ನಂಬರು ಮಾತ್ರ. ಕರಾರು ಸರಳವಾಗಿತ್ತು. ಫಾಸ್ಟ್ ಚಾರ್ಜಿನಲ್ಲೇ ಐನೂರು ಸಲ ತುಂಬಿಸಿ ಖಾಲಿ ಮಾಡಿದ ಮೇಲೆ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತು ಶಕ್ತಿ ಉಳಿದಿರಬೇಕು. ಉಳಿದರೆ ಆರ್ಡರು. ಇಲ್ಲದಿದ್ದರೆ ಶೆಡ್ಡಿಗೆ ಬೀಗ.

ಸ್ಯಾಂಪಲ್ ತಂದ ದಿನ ಅವರು ತಿರುಗಿಸಿ ತೋರಿಸಲಿಲ್ಲ. ಕಟ್ಟೆಯ ಮೇಲೆ ಮೆತ್ತಗೆ ಇಟ್ಟರು.

"ಅಕ್ಕಾರ, ಹನ್ನೊಂದು ಮನಿ ಅದಾವ ಇದರಾಗ."

ನಾನು ರಸೀದಿ ಬರೆದುಕೊಟ್ಟೆ. ಅಂಥ ಮಾತಿಗೆ ನಮ್ಮಲ್ಲಿ ಕಾಲಂ ಇರಲಿಲ್ಲ.

ಆ ಬ್ಯಾಟರಿಗಳಲ್ಲಿ ಒಂದು ಸಣ್ಣ ವಿಶೇಷವಿತ್ತು. ಮುಚ್ಚಿದ ಫೋನಿನ ಬ್ಯಾಟರಿಯ ಬೆನ್ನಿಗೆ ಅಂಟುಪಟ್ಟಿ ಇರುತ್ತದೆ, ಅದರ ಮೇಲೊಂದು ಕಾಗದ. ಕೂಡಿಸುವ ಮೊದಲು ಆ ಕಾಗದವನ್ನು ಉಗುರಿನಿಂದ ಕೆರೆದು ಎಬ್ಬಿಸಬೇಕು, ಅರ್ಧ ಜೀವ ಹೋಗುತ್ತದೆ. ಅಂಗಡಿಯವರ ಶೆಡ್ಡಿನ ಹೆಣ್ಣುಮಕ್ಕಳು ಕಾಗದದ ಒಂದು ತುದಿಯನ್ನು ವಿಳ್ಯದೆಲೆ ಮಡಿಚಿದ ಹಾಗೆ ಮುಕ್ಕೋನ ಮಡಿಚಿದ್ದರು.

"ಇದೇನು?" ಅಂದೆ.

"ಕಿವಿ. ಅದನ್ನ ಹಿಡದ ಎಳದ್ರ ಸಾಕು, ಒಂದ ಜಗ್ಗಿಗೆ ಬರ್ತದ. ಕೂಡ್ಸಾಂವ ಯಾರೋ ಏನೋ, ಅವನ ಉಗುರು ಯಾಕ ಹೋಗಬೇಕು?"

ಬೇರೆ ಯಾವ ಕಂಪನಿಯ ಬ್ಯಾಟರಿಯಲ್ಲೂ ನಾನು ಆ ಕಿವಿ ನೋಡಿಲ್ಲ. ಯಾವ ನಿಯಮದಲ್ಲೂ ಅದು ಇಲ್ಲ, ಅದಕ್ಕೆ ಅಂಕವೂ ಇಲ್ಲ.

ನಾಲ್ಕನೇ ಚೇಂಬರಿನಲ್ಲಿ ಟೆಸ್ಟ್ ಹಚ್ಚಿದೆ. ಚೇಂಬರು ಎಂದರೆ ಕಬ್ಬಿಣದ ದೊಡ್ಡ ಕಪಾಟು. ಒಳಗೆ ಬಿಸಿ ಒಂದೇ ಸಮ ಇರುತ್ತದೆ, ಬ್ಯಾಟರಿಗಳು ಸಾಲಾಗಿ ಕೂತು ಹಗಲೂ ರಾತ್ರಿ ತುಂಬುತ್ತಾ ಖಾಲಿಯಾಗುತ್ತಾ ಇರುತ್ತವೆ. ಹಳೇ ಕಾಲದಲ್ಲಿ ಐನೂರಕ್ಕೆ ನಾಲ್ಕೈದು ತಿಂಗಳು. ಫಾಸ್ಟ್ ಚಾರ್ಜ್ ಬಂದ ಮೇಲೆ ಆರು ವಾರ. ನಾಲ್ಕುನೂರ ನಲವತ್ತು ಮುಗಿದಾಗ ಶಕ್ತಿ ಎಂಬತ್ತೊಂದರ ಸ್ವಲ್ಪ ಮೇಲಿತ್ತು, ನಿಧಾನವಾಗಿ ಇಳಿಯುತ್ತಿತ್ತು. ಇನ್ನು ಅರವತ್ತು ಬಾಕಿ. ಆಗ ಖಂಡೇನವಮಿ ಬಂತು.

ನಮ್ಮ ಕಡೆ ಆಯುಧಪೂಜೆ ಎನ್ನುವುದನ್ನು ಪುಣೆಯಲ್ಲಿ ಖಂಡೇನವಮಿ ಎನ್ನುತ್ತಾರೆ. ಆ ದಿನ ಭೋಸರಿಯ ಲೇತು, ಪ್ರೆಸ್ಸು, ಟೆಂಪೋ, ಸ್ಕ್ರೂಡ್ರೈವರು ಎಲ್ಲಕ್ಕೂ ಝೇಂಡು ಎನ್ನುವ ಚೆಂಡುಹೂವಿನ ಮಾಲೆ. ನಮ್ಮ ಲ್ಯಾಬಿನ ಪೂಜೆ ಪಾಂಡು ಮಾಮಾರದು. ಅವರ ನಿಯಮ ಎರಡು. ನಡೆಯುತ್ತಿರುವ ಯಂತ್ರಕ್ಕೆ ಪೂಜೆ ಇಲ್ಲ. ಪೂಜೆಯಾದ ಯಂತ್ರವನ್ನು ದಸರೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಪ್ರತಿ ವರ್ಷ ನಾನು ಆ ಹೊತ್ತಿಗೆ ಟೆಸ್ಟುಗಳು ಮುಗಿಯುವಂತೆ ನೋಡಿಕೊಳ್ಳುತ್ತಿದ್ದೆ, ಇಲ್ಲವೇ ನಡೆಯುವ ಚೇಂಬರನ್ನು ಪೂಜೆಯಿಂದ ಬಿಡಿಸುತ್ತಿದ್ದೆ. ಆ ವರ್ಷ ನಾಲ್ಕನೇ ಚೇಂಬರೊಂದೇ ನಡೆಯುತ್ತಿತ್ತು. ಜೋಶಿ ಸಾಹೇಬರು ರಜೆಯಲ್ಲಿದ್ದರು.

ಬೆಳಿಗ್ಗೆ ಅಂಗಡಿಯವರು ಮಡಿ ಪಂಚೆ ಉಟ್ಟು, ಕೈಯಲ್ಲಿ ತೆಂಗಿನಕಾಯಿ, ಹೂವಿನ ಮಾಲೆ ಹಿಡಿದು ಕಿಟಕಿಗೆ ಬಂದರು.

"ಅಕ್ಕಾರ, ಶೆಡ್ಡಿನ ಮಶೀನಿಗೆಲ್ಲಾ ಪೂಜಿ ಆತ್ರಿ. ಆದ್ರ ನನ್ನ ಖರೇ ಆಯುಧ ನಿಮ್ಮ ಕಪಾಟಿನ್ಯಾಗ ಅದಾವ. ಒಂದು ಮಾಲಿ ಹಾಕಿಸ್ರಿ."

ಪಾಂಡು ಮಾಮಾ ನನ್ನ ಮುಖ ನೋಡಿದರು. "ಚಾಲೂ ಮಶೀನ್‌ಚೀ ಪೂಜಾ ಹೋತ ನಾಹೀ, ಮೇಡಂ," ಅಂದರು. ನಡೆಯುತ್ತಿರುವುದಕ್ಕೆ ಪೂಜೆ ಆಗುವುದಿಲ್ಲ, ನೀವೇ ಹೇಳಿರಿ ಎನ್ನುವ ದನಿ.

ಪರದೆಯ ಮೇಲೆ ತಡೆಹಿಡಿಯುವ ಗುಂಡಿ ಇತ್ತು. ಒತ್ತಿದರೆ ಟೆಸ್ಟು ಅಲ್ಲಿಗೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಎಣಿಕೆ ತಪ್ಪುವುದಿಲ್ಲ. ಎರಡು ದಿನದಿಂದ ಏನಾದೀತು ಅಂದುಕೊಂಡೆ. ನನ್ನ ಬೆರಳಿನಿಂದ ನಾನೇ ಒತ್ತಿದೆ. ಕಾಯಿ ಒಡೆದರು, ಮಾಲೆ ಹಾಕಿದರು, ಪಾಂಡು ಮಾಮಾ ಚೇಂಬರಿಗೆ ಕುಂಕುಮ ಹಚ್ಚಿದರು. ಅಂಗಡಿಯವರು ಕಪಾಟಿಗೆ ಕೈಮುಗಿದು ನಿಂತರು. ದಸರೆಯ ಮರುದಿನ ಬೆಳಿಗ್ಗೆ ನಾನು ಮತ್ತೆ ಗುಂಡಿ ಒತ್ತಿದೆ.

ಐದು ದಿನಕ್ಕೆ ಐನೂರು ಮುಗಿಯಿತು. ಪರದೆಯಲ್ಲಿ ಎಂಬತ್ತೂ ಮುಕ್ಕಾಲು. ಅದೇ ಹೊತ್ತಿಗೆ ಅಂಗಡಿಯವರು ಕಿಟಕಿಯ ಹತ್ತಿರ ನಿಂತಿದ್ದರು. ವರದಿಗೆ ಸಹಿ ಬೀಳುವ ಮುಂಚೆ ಗಿರಾಕಿಗೆ ಏನನ್ನೂ ಹೇಳಬಾರದು ಎನ್ನುವುದು ನಾವು ಕಲಿಸುವ ಮೊದಲ ಪಾಠ. ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೆ.

"ದಾಟೇದ್ರಿ," ಅಂದೆ.

ಅವರು ಕಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನೇರ ಶೆಡ್ಡಿಗೆ ಹೋದರು. ಮಧ್ಯಾಹ್ನ ಶೆಡ್ಡಿನಿಂದ ಕರದಂಟು ಬಂತು. ಗಿರಾಕಿಯ ತಿಂಡಿ ನಾವು ಮುಟ್ಟುವ ಹಾಗಿಲ್ಲ ಎಂದು ಪಾಂಡು ಮಾಮಾ ಅದನ್ನು ವಾಚ್‌ಮನ್‌ಗೆ ಕೊಟ್ಟರು, ಒಂದನ್ನು ಇಟ್ಟುಕೊಂಡು.

ಗ್ರಾಫ್ ನೋಡಿದ್ದು ಅದಾದ ಮೇಲೆ. ಮೊದಲಿಂದ ಕೊನೆಯವರೆಗೆ ಗೆರೆ ಇಳಿಜಾರಿನಂತೆ ಇಳಿಯಬೇಕು. ನಾಲ್ಕುನೂರ ನಲವತ್ತೊಂದರ ಹತ್ತಿರ ಅದು ಮೆಟ್ಟಿಲು ಹತ್ತಿತ್ತು. ಎಂಬತ್ತೊಂದರಲ್ಲಿ ಮಲಗಿದ ಬ್ಯಾಟರಿ ಎಂಬತ್ತಮೂರರ ಹತ್ತಿರ ಎದ್ದಿತ್ತು. ಲಿಥಿಯಂ ಬ್ಯಾಟರಿಗೆ ಬಿಡುವು ಕೊಟ್ಟರೆ ಕಳೆದುಕೊಂಡದ್ದರಲ್ಲಿ ಸ್ವಲ್ಪ ಮರಳಿ ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ವಿವರಣೆ ಇದೆ. ನಾನು ಓದಿದ್ದೆ, ನೆನಪಿರಲಿಲ್ಲ. ಸ್ಕೇಲು ಇಟ್ಟು ಹಳೇ ಇಳಿಜಾರನ್ನು ಐನೂರರ ತನಕ ಎಳೆದೆ. ಎಪ್ಪತ್ತೊಂಬತ್ತಕ್ಕೆ ಹೋಗಿ ಮುಟ್ಟಿತು.

ನಮ್ಮ ಅಜ್ಜನ ಮನೆಯಲ್ಲಿ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ದಿನ ಎಂದು ನೊಗಕ್ಕೆ ರಜೆ. ಎತ್ತು ಕೊಳ್ಳಲು ಹೋಗುವವರಿಗೆ ಅಜ್ಜ ಒಂದು ಮಾತು ಹೇಳುತ್ತಿದ್ದ. "ಮಂಗಳವಾರ ಎತ್ತು ನೋಡಬ್ಯಾಡ್ರಿ. ಮಂಗಳವಾರ ಎಲ್ಲಾ ಎತ್ತೂ ಚಲೋ ಇರ್ತಾವ. ಶನಿವಾರ ಸಂಜಿಗೆ ನೋಡ್ರಿ." ಸ್ಕೇಲು ಹಿಡಿದುಕೊಂಡು ಕೂತಾಗ ನನಗೆ ನೆನಪಾದದ್ದು ಪುಸ್ತಕದ ಎರಡು ಪುಟ ಅಲ್ಲ, ಇದು. ನಾನು ಮಂಗಳವಾರದ ಎತ್ತಿಗೆ ಸರ್ಟಿಫಿಕೇಟು ಬರೆಯಲು ಹೊರಟಿದ್ದೆ.

ಜೋಶಿ ಸಾಹೇಬರ ಕೋಣೆಗೆ ಗ್ರಾಫ್ ತೆಗೆದುಕೊಂಡು ಹೋದೆ. ಅವರು ಮಾತಾಡುವುದು ಮರಾಠಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನಿಲ್ಲಿಸಿದ್ದು ಯಾರು?"

"ನಾನು."

"ಯಾತಕ್ಕೆ?"

"ಪೂಜೆಗೆ."

ಅವರು ಕನ್ನಡಕ ತೆಗೆದು ಒರೆಸಿದರು. "ಹಿರೇಮಠ ಬಾಯಿ, ಎರಡು ದಿನ ನಿಲ್ಲಿಸಬಾರದು ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ನೀವು ಬಾಯಿ ಮುಚ್ಚಿಕೊಂಡರೆ ಯಾರೂ ಕೇಳುವುದಿಲ್ಲ. ಹನ್ನೊಂದು ಜನರ ಕೆಲಸ ಉಳಿಯುತ್ತದೆ. ಹೇಳಿ, ಏನು ಮಾಡೋಣ?"

ಅವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದರೋ, ನಿಜವಾಗಿ ಕೇಳುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ.

"ಈ ಬ್ಯಾಟರಿ ಹೋಗೋದು ಜನರ ಕಿಸೆಗೆ, ಸರ್. ಕಿಸೆಯೊಳಗೆ ಖಂಡೇನವಮಿ ಇರೋದಿಲ್ಲ."

ಅವರು ತಪ್ಪು ದಾಖಲಿಸುವ ಫಾರಂ ತೆಗೆದರು. ಕಾರಣ ಎನ್ನುವ ಕಾಲಂನಲ್ಲಿ 'ಹಬ್ಬದ ನಿಮಿತ್ತ ನಿರ್ವಹಣೆ' ಎಂದು ಬರೆದರು. ನಾನು ಅದನ್ನು ಹೊಡೆದು 'ಪೂಜೆ' ಎಂದು ಬರೆದು ಸಹಿ ಮಾಡಿದೆ. ತಪಾಸಣೆಗೆ ಬರುವವರು ಇವತ್ತಿಗೂ ಆ ಪುಟ ಬಂದಾಗ ಸ್ವಲ್ಪ ಹೊತ್ತು ನಿಲ್ಲುತ್ತಾರಂತೆ.

ಅಂಗಡಿಯವರಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಶೆಡ್ಡಿಗೇ ಹೋದೆ. ಹನ್ನೊಂದು ಜನರೂ ಕೈ ನಿಲ್ಲಿಸಿ ನೋಡಿದರು. ನನಗೆ ಕುರ್ಚಿ ಹಾಕಿದರು. ನಾನು ಕೂಡಲಿಲ್ಲ.

"ಮತ್ತೊಮ್ಮೆ ಮೊದಲಿಂದ ಹಚ್ಚಬೇಕಾಗ್ತದ್ರಿ, ಅಂಗಡಿಯವರ."

"ದಾಟೇದ ಅಂದಿದ್ರಿ."

"ಅಂದಿದ್ದೆ. ಗ್ರಾಫ್ ನೋಡದ ಅಂದೆ."

ಎರಡು ದಿನದ ಬಿಡುವಿನ ಸಂಗತಿ ಹೇಳಿದೆ. ಅವರು ಕೇಳಿದರು. "ಹಂಗಾರ ಪೂಜಿ ಮಾಡಿದ್ದ ತಪ್ಪಾತೇನ್ರಿ?"

"ಪೂಜಿ ತಪ್ಪಲ್ಲ. ನಿಲ್ಲಿಸಿದ್ದು ತಪ್ಪು."

"ನಿಲ್ಲಿಸ್ರಿ ಅಂತ ಬಂದಾಂವ ನಾ."

"ಗುಂಡಿ ಒತ್ತಿದಾಕಿ ನಾ."

ವೆಲ್ಡಿಂಗಿನ ಹತ್ತಿರ ಕೂತಿದ್ದ ಶಾಂತಾಬಾಯಿ ಎಂಬ ಹಿರಿಯಾಕೆ ಅಂದಳು. "ಎರಡ ದಿನಾ ಸೂಟಿ ಕೊಟ್ಟಿದ್ದಕ್ಕ ಅವಕ್ಕ ಜೀವ ಬಂತೂ? ಮಾಲಕ್ರ, ನಮಗೂ ಕೊಟ್ಟ ನೋಡ್ರಲಾ ಒಮ್ಮಿ." ಹೆಣ್ಣುಮಕ್ಕಳು ನಕ್ಕರು. ಅಂಗಡಿಯವರು ನಗಲಿಲ್ಲ.

ಹೊಸ ಸ್ಯಾಂಪಲ್ಲಿನ ಮೇಲೆ ಆರು ವಾರ ಟೆಸ್ಟು ನಡೆಯಿತು. ಈ ಸಲ ನಡುವೆ ಯಾವ ಹಬ್ಬಕ್ಕೂ ನಿಲ್ಲಿಸಲಿಲ್ಲ. ನಾಲ್ಕುನೂರ ಎಪ್ಪತ್ತು ದಾಟುವಾಗ ಬ್ಯಾಟರಿ ಎಂಬತ್ತರ ಕೆಳಗಿಳಿಯಿತು.

ಸೆಲ್ಲು ಕೆಟ್ಟದ್ದಾಗಿರಲಿಲ್ಲ. ತಾಪಮಾನದ ತಂತಿ ಅದನ್ನು ಹೇಳಿತು. ಅಂಗಡಿಯವರು ಬೆಸೆಯುತ್ತಿದ್ದ ಲೋಹದ ಪಟ್ಟಿ ಬಿಸ್ಕತ್ತಿನ ಕಾಲದ್ದೇ, ಅಷ್ಟೇ ಸಣ್ಣ ಅಗಲ. ಒಂದು ಕಾಲದಲ್ಲಿ ಅದರೊಳಗೆ ಮೆಲ್ಲಗೆ ನಡೆದು ಹೋಗುತ್ತಿದ್ದ ಕರೆಂಟು ಈಗ ಐದಾರು ಪಟ್ಟು ಜೋರಾಗಿ ನುಗ್ಗುತ್ತಿತ್ತು. ಪಟ್ಟಿ ಕಾಯುತ್ತಿತ್ತು, ಅದರ ಬಿಸಿಗೆ ಸೆಲ್ಲಿನ ಆ ಮೂಲೆ ಬೇಗ ಮುಪ್ಪಾಗುತ್ತಿತ್ತು. ಇಪ್ಪತ್ತು ವರ್ಷ ಕೈ ಕೊಡದ ಪಟ್ಟಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಗಿರಾಕಿಗೆ ಸಲಹೆ ಕೊಡುವುದು ನಮಗೆ ನಿಷಿದ್ಧ. ಅಳೆದದ್ದನ್ನು ಬರೆಯಬಹುದು. ಆರನೇ ಪುಟದಲ್ಲಿ ಆ ಮೂಲೆಯ ಬಿಸಿಯ ಗ್ರಾಫ್ ಹಾಕಿ, ಗೆರೆಯನ್ನು ಸ್ವಲ್ಪ ದಪ್ಪಗೆ ಎಳೆದೆ.

ವರದಿ ಒಯ್ಯಲು ಬಂದಾಗ ಅವರು ಕಿಟಕಿಯಲ್ಲೇ ಮೊದಲ ಪುಟ ತೆಗೆದರು. ಅಲ್ಲಿ ಪಾಸು ಇಲ್ಲವೇ ಫೇಲು ಎಂದು ಒಂದೇ ಶಬ್ದ ಇರುತ್ತದೆ.

"ಆರನೇ ಪುಟ ನೋಡ್ರಿ," ಅಂದೆ.

"ಒಂದನೇದು ಸಾಕ್ರಿ," ಅಂದರು. ಅಕ್ಕಾರ ಅನ್ನಲಿಲ್ಲ.

ಆಮೇಲೆ ಅವರು ನಮ್ಮ ಕಿಟಕಿಗೆ ಬರಲಿಲ್ಲ. ಬಸ್ಸಿಗೆ ಹೋಗುವ ನನ್ನ ದಾರಿ ಆ ಶೆಡ್ಡಿನ ಮುಂದೆಯೇ ಇತ್ತು. ಹೊರಗೆ ಬಿಟ್ಟಿರುತ್ತಿದ್ದ ಚಪ್ಪಲಿಗಳು ಹನ್ನೊಂದು ಜೊತೆ ಇದ್ದದ್ದು ಏಳಾಯಿತು, ನಾಲ್ಕಾಯಿತು. ನಾಲ್ಕರಲ್ಲಿ ಶಾಂತಾಬಾಯಿಯದೂ ಇತ್ತು, ಅದರ ಪಟ್ಟಿಗೆ ಬ್ಯಾಟರಿಯ ಟೇಪು ಸುತ್ತಿದ್ದರಿಂದ ಗುರುತು ಸಿಗುತ್ತಿತ್ತು. ಮುಂದಿನ ಖಂಡೇನವಮಿಗೆ ಮೊದಲೇ ನಾನು ನಿವೃತ್ತಳಾದೆ.

ಊಟದ ಮೇಜಿನಲ್ಲಿ ಕತೆ ಇಲ್ಲಿಗೆ ಬಂದಾಗ ಐಶ್ವರ್ಯಾ ಕೇಳಿದಳು. "ಆಮೇಲೆ ಅವ್ರು ಏನಾದ್ರು ಮೇಡಂ?"

"ನನಗ ಗೊತ್ತಿಲ್ಲವ್ವಾ," ಅಂದೆ. ಜೋಶಿ ಸಾಹೇಬರ ಕಡೆ ನೋಡಿದೆ. ಅವರಿಗೆ ಗೊತ್ತಿದ್ದಿರಬಹುದು. ಆದರೆ ನೌಕರಿಯಲ್ಲಿಲ್ಲದವರಿಗೆ ಗಿರಾಕಿಯ ಸಂಗತಿ ಹೇಳುವಂತಿಲ್ಲ. ಅವರು ನನ್ನ ಡಬ್ಬಿಯ ಕಡೆ ಕೈ ತೋರಿಸಿ, ಶೇಂಗಾ ಚಟ್ನಿ ಇನ್ನೂ ಇದೆಯೇ ಎಂದು ಕೇಳಿದರು. ಕೊಟ್ಟೆ.

ಅದಾಗಿ ಎರಡು ತಿಂಗಳಿಗೆ ನನ್ನ ಫೋನಿನ ಬೆನ್ನು ಹಪ್ಪಳದಂತೆ ಎದ್ದಿತು. ಮೂರು ವರ್ಷದ ಫೋನು. ಖರಾಡಿಯ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿಯ ಹುಡುಗ ಬೆನ್ನಿಗೆ ಬಿಸಿ ಹಿಡಿದು, ಅಂಟು ಬಿಡಿಸಿ, ಹಳೇ ಬ್ಯಾಟರಿಯನ್ನು ಕಿತ್ತು ಮೇಜಿನ ಮೇಲಿಟ್ಟ. ಕೈ ತಾಗಿ ಅದು ತಾನೇ ಅರ್ಧ ಸುತ್ತು ತಿರುಗಿತು. ಆಮೇಲೆ ಮುಚ್ಚಿದ ಪೊಟ್ಟಣ ಹರಿದು ಹೊಸದನ್ನು ತೆಗೆದ. ಜೇನಿನ ಬಣ್ಣದ ಟೇಪಿನೊಳಗಿಂದ ಲೋಹದ ಪಟ್ಟಿ ಕಾಣುತ್ತಿತ್ತು, ಅಗಲವಾಗಿತ್ತು. ಬೆನ್ನಿನ ಅಂಟುಕಾಗದದ ಒಂದು ತುದಿ ವಿಳ್ಯದೆಲೆಯ ಹಾಗೆ ಮುಕ್ಕೋನ ಮಡಿಚಿತ್ತು.

ಒಂದು ನಿಮಿಷ ಕೊಡು ಎಂದು ನಾನದನ್ನು ಇಸಿದುಕೊಂಡು ಗಾಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿದೆ. ಒಂದಿಷ್ಟು ಸರಿದು ಕೂತಿತು.

"ಕಾಯ್ ಕರತಾಯ್, ಕಾಕೂ?" ಅಂದ ಹುಡುಗ. ಏನು ಮಾಡುತ್ತಿದ್ದೀರಿ ಎಂದು.

ಏನಿಲ್ಲ, ಕೂಡಿಸು ಅಂದೆ.

ಅವನು ಕಿವಿ ಹಿಡಿದು ಎಳೆದ. ಕಾಗದ ಒಂದೇ ಜಗ್ಗಿಗೆ ಬಂತು.